ಬಾಗಿಲ ಹಿಂದಿನ ಐದು ಹೆಸರು

ಆ ಭಾನುವಾರ ಬೆಳಿಗ್ಗೆ ನಾನು ಹಿತ್ತಲಲ್ಲಿ ಸೀರೆಗಳಿಗೆ ಗಂಜಿ ಹಾಕುತ್ತಿದ್ದೆ. ಬೆಳ್ತಿಗೆ ಅನ್ನ ಬಸಿದ ತೆಳಿಯನ್ನು ಸೋಸಿ ಬಕೆಟ್ಟಿಗೆ ಹೊಯ್ದು, ಮೊದಲ ಸೀರೆ ಅದ್ದಿ ಹಿಂಡುವಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು. ಯಜಮಾನರು ಎತ್ತಿದರು. "ಕೊಚ್ಚಿಯಿಂದ ಜೋಸಿ. ನೀನೇ ಬೇಕಂತೆ," ಎಂದು ಕರೆದರು.

ಜೋಸಿ ಯಜಮಾನರ ಜೊತೆ ಕಳಮಶ್ಶೇರಿಯ ಆಫೀಸಿನಲ್ಲಿ ಕೆಲಸ ಮಾಡಿದವನು. ಅವನು ಅಮ್ಮಾಯಿ ಎಂದು ಕರೆಯುವ ಸೋದರತ್ತೆ ಫಿಲೋಮಿನಾ ಅಮ್ಮಚ್ಚಿ ನಸುಕಿನಲ್ಲಿ ತೀರಿಕೊಂಡಿದ್ದರು. ಸಂಜೆ ನಾಲ್ಕಕ್ಕೆ ಮಣ್ಣು. ಆ ಚಿತ್ರದ ವಿಷಯ ಒಂದು ಕೇಳಬೇಕು, ಈಗ ಇಗರ್ಜಿಯಿಂದ ಜನ ಬಂದಿದ್ದಾರೆ, ಅರ್ಧ ಗಂಟೆ ಬಿಟ್ಟು ಮತ್ತೆ ಮಾಡುತ್ತೇನೆ ಎಂದು ಇಟ್ಟುಬಿಟ್ಟ.

ನಾನು ಫೋನಿನ ಹತ್ತಿರವೇ ನೆಲದ ಮೇಲೆ ಕೂತೆ. ಕೈಯ ಮೇಲಿನ ಗಂಜಿ ಒಣಗುತ್ತಾ ಚರ್ಮ ಬಿಗಿಯತೊಡಗಿತು. ಆ ಅರ್ಧ ಗಂಟೆ ನನ್ನ ತಲೆಯಲ್ಲಿ ಓಡಿದ್ದನ್ನೇ ಈಗ, ನಿವೃತ್ತಿಯಾಗಿ ಇಷ್ಟು ವರ್ಷದ ಮೇಲೆ, ಕಾಗದ ದುರಸ್ತಿ ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರಿಗೆಂದು ಬರೆದಿಡುತ್ತಿದ್ದೇನೆ. ನೌಕರಿಯಲ್ಲಿದ್ದಾಗ ಇದನ್ನು ಬರೆಯುವ ಧೈರ್ಯ ನನಗಿರಲಿಲ್ಲ.

ನಾನು ಈ ಕೆಲಸಕ್ಕೆ ಓದಿ ಬಂದವಳಲ್ಲ. ಉಡುಪಿ ಕಡೆಯವಳು. ಮದುವೆಯಾಗಿ ಯಜಮಾನರ ವರ್ಗಾವಣೆಯ ಹಿಂದೆ ತ್ರಿಪ್ಪುಣಿತ್ತುರಕ್ಕೆ ಬಂದೆ, ಅಲ್ಲಿಂದ ತಿರುವನಂತಪುರಕ್ಕೆ. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಹಗಲು ಉದ್ದವಾಯಿತು. ಒಂದು ಹಳೆಯ ಗ್ರಂಥಾಲಯದ ದುರಸ್ತಿ ಕೋಣೆಗೆ ದಿನಗೂಲಿಯ ಮೇಲೆ ಹೆಂಗಸು ಬೇಕೆಂದು ನೆರೆಮನೆಯ ಚೇಚಿ ಹೇಳಿದರು. ಹೋದೆ. ಅಲ್ಲಿನ ಮುಖ್ಯಸ್ಥರು ಕುರುಪ್ಪ್ ಸಾರ್. ಉದ್ದ ಮೂಗು, ಕಡಿಮೆ ಮಾತು, ಹೊಗಳಿಕೆಯಂತೂ ಇಲ್ಲವೇ ಇಲ್ಲ. ನನಗೆ ಏನು ಬರುತ್ತದೆ ಎಂದು ಕೇಳಿದರು. ಅಂಟು ಕಾಯಿಸಲು ಬರುತ್ತದೆ ಎಂದೆ. ಮೈದಾ ಕೊಟ್ಟು ಒಲೆ ತೋರಿಸಿದರು. ನಮ್ಮ ಮನೆಯಲ್ಲಿ ದೋಸೆ ಹಿಟ್ಟಿನಿಂದ ಹಿಡಿದು ಹಾಲುಬಾಯಿಯವರೆಗೆ ಗಂಟು ಕಟ್ಟದಂತೆ ಕದಡುವುದು ನನ್ನದೇ ಕೆಲಸವಾಗಿತ್ತು. ಅಂಟು ಗಾಜಿನ ಹಾಗೆ ಬಂತು. ಮರುದಿನದಿಂದ ಬಾ ಎಂದರು. ದೇವರು ನನಗೆ ಕೊಟ್ಟ ಮೊದಲ ಸಣ್ಣ ದಯೆ ಅದು, ಗಂಟಿಲ್ಲದ ಅಂಟು.

ಮೊದಲ ತಪ್ಪು ಮಾಡಲು ನನಗೆ ತಿಂಗಳೂ ಬೇಕಾಗಲಿಲ್ಲ. ಪುಸ್ತಕದ ಅಂಟಿಗೆ ನಮ್ಮ ಅಮ್ಮ ಹುಳ ಬಾರದಿರಲೆಂದು ಮೈಲುತುತ್ತ ಹಾಕುತ್ತಿದ್ದರು. ನಾನೂ ಯಾರನ್ನೂ ಕೇಳದೆ ಒಂದು ಚಿಟಿಕೆ ಹಾಕಿದೆ. ಹುಳ ಬರಲಿಲ್ಲ. ಆದರೆ ಒಂದು ವರ್ಷದ ಮೇಲೆ ಆ ಹಾಳೆಗಳ ಅಂಚು ಕಂದಿ, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಕುರುಪ್ಪ್ ಸಾರ್ ಒಂದು ಚೂರನ್ನು ನನ್ನ ಅಂಗೈ ಮೇಲಿಟ್ಟು, "ಮನೆಯಲ್ಲಿ ಕಲಿತದ್ದು ಅರ್ಧ ನಿನ್ನನ್ನು ಕಾಪಾಡುತ್ತದೆ, ಅರ್ಧ ಕೊಲ್ಲುತ್ತದೆ. ಯಾವ ಅರ್ಧ ಯಾವುದು ಅಂತ ನನ್ನನ್ನು ಕೇಳು," ಎಂದರು. ಆ ಚೂರು ಈಗಲೂ ನನ್ನ ದೇವರ ಪುಸ್ತಕದೊಳಗೆ ಇದೆ.

ನಾವು ಅಂದು ಮಾಡುತ್ತಿದ್ದುದರಲ್ಲಿ ಎಷ್ಟೋ ಇಂದು ಮಾಡಬಾರದ್ದು. ಹರಿದ ಹಾಳೆಗೆ ಎರಡೂ ಕಡೆ ಷಿಫಾನ್ ಬಟ್ಟೆ ಅಂಟಿಸುತ್ತಿದ್ದೆವು, ಸೊಳ್ಳೆಪರದೆಯ ಒಳಗಿನಿಂದ ಓದಿದ ಹಾಗೆ. ಆಮೇಲೆ ಜಪಾನಿನ ತೆಳು ಕಾಗದ ಬಂತು. ಕಲೆ ಹೋಗಲು ಬಿಳುಪು ಪುಡಿ ಹಾಕುತ್ತಿದ್ದೆವು. ಅದು ನಿಂತಿತು. ನೀವು ಇಂದು ಸರಿ ಎಂದು ಮಾಡುವುದನ್ನೂ ನಿಮ್ಮ ನಂತರದವರು ಬಿಡಿಸಿ ತೆಗೆಯಬೇಕಾಗಬಹುದು. ಆದ್ದರಿಂದ ಬಿಡಿಸಲು ಬರುವ ಹಾಗೆ ಮಾಡಿ.

ಕುರುಪ್ಪ್ ಸಾರರ ಒಂದು ಕಟ್ಟಳೆ ಮಾತ್ರ ಬದಲಾಗಲಿಲ್ಲ. ಕಾಗದ ಬಂದ ಕೂಡಲೇ, ನೀರಿಗಾಗಲಿ ಅಂಟಿಗಾಗಲಿ ಹೋಗುವ ಮೊದಲೇ, ಅದರ ಮೇಲೆ, ಹಿಂದೆ, ಅಂಚಿನಲ್ಲಿ ಏನೇ ಬರೆದಿರಲಿ, ಎಲ್ಲವನ್ನೂ ಅಕ್ಷರಕ್ಕೆ ಅಕ್ಷರ ರಿಜಿಸ್ಟರಿಗೆ ಇಳಿಸಬೇಕು. ಹಾಲಿನವನ ಚೀಟಿಯಾದರೂ ಸರಿ.

ನನಗೆ ಅದೇ ಕಷ್ಟ. ಮಲಯಾಳ ಮಾತಾಡಲು ಮೀನಿನವಳೇ ಕಲಿಸಿದ್ದಳು, ನಾವು ಮೀನು ತಿನ್ನದವರಾದರೂ ದಿನಾ ಗೇಟಿನ ಹತ್ತಿರ ನಿಂತು ಹರಟುತ್ತಿದ್ದಳು. ಆದರೆ ಓದುವುದು ಒಂದೊಂದೇ ಅಕ್ಷರ ಕೂಡಿಸಿ. ಅದರಲ್ಲೂ ಹಳೆಯ ಕಾಲದ ಕೈಬರಹವೆಂದರೆ ಒಂದು ಸಾಲಿಗೆ ಕಾಲು ಗಂಟೆ. ನನ್ನ ಚಿಕ್ಕ ಮಗಳು ನಗುತ್ತಿದ್ದಳು, ಕನ್ನಡದಲ್ಲಿ ಬೈದರೆ ಮಲಯಾಳದಲ್ಲಿ ಉತ್ತರ ಕೊಡುವವಳು. ಹಾಗಾಗಿ ಮಲಯಾಳದ ಬರಹ ಇದ್ದರೆ ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ ಒಂದು ಅಕ್ಟೋಬರಿನಲ್ಲಿ ಜೋಸಿ ಆ ಚಿತ್ರ ತಂದ. ಬೆಡ್‌ಶೀಟಿನಲ್ಲಿ ಸುತ್ತಿ, ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ. ಫೋರ್ಟ್ ಕೊಚ್ಚಿಯಲ್ಲಿ ಅವನ ಅತ್ತೆಯ ಮನೆಯ ಮುಂದಿನ ಕೋಣೆಯಲ್ಲಿ ತೂಗುತ್ತಿದ್ದದ್ದು. ಅತ್ತೆಯ ಅಪ್ಪ ಒಂದು ಹುರಿಹಗ್ಗದ ಕಂಪನಿಯಲ್ಲಿ ಗುಮಾಸ್ತರು. ಕಂಪನಿಯ ಬಿಳಿ ದೊರೆ ತನ್ನ ಊರಿಗೆ ಹೋಗುವಾಗ ಕೊಟ್ಟುಹೋದದ್ದಂತೆ. ಗೋಡೆಯ ತೇವ ಕುಡಿದು ಕಾಗದ ಚಹಾ ಚೆಲ್ಲಿದ ಹಾಗೆ ಕಂದಾಗಿತ್ತು. ನವೆಂಬರ್ ಎರಡಕ್ಕೆ ಸರಿಯಾಗಿ ವಾಪಸು ಬೇಕು ಎಂದ. ಅಂದು ಅವರಲ್ಲಿ ಸತ್ತವರೆಲ್ಲರ ದಿನ. ಎಲ್ಲರೂ ಸಿಮಿತ್ತೇರಿಗೆ ಹೋಗಿ ಗೋರಿಗಳ ಮೇಲೆ ಮೇಣದಬತ್ತಿ ಹಚ್ಚಿದರೆ, ಅತ್ತೆ ಈ ಚಿತ್ರದ ಮುಂದೆಯೂ ಒಂದು ಹಚ್ಚುತ್ತಾರಂತೆ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ, ನಾನೂ ಕೇಳಲಿಲ್ಲ.

ಅಂಥ ಚಿತ್ರ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ್ದು ಎಂದರು ಕುರುಪ್ಪ್ ಸಾರ್. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಆಮ್ಲಕ್ಕೆ ಇಳಿಸುತ್ತಾರೆ. ಗೀರಿದಲ್ಲಿ ಮಾತ್ರ ಆಮ್ಲ ತಗಡನ್ನು ತಿನ್ನುತ್ತದೆ. ತಿಂದ ಗುಳಿಗಳಲ್ಲಿ ಮಸಿ ತುಂಬಿ ಒದ್ದೆ ಕಾಗದಕ್ಕೆ ಒತ್ತಿದರೆ ಚಿತ್ರ. ಯಾವುದೋ ಪರದೇಶದ ದೊಡ್ಡ ಇಗರ್ಜಿ. ಎರಡು ಗೋಪುರ ಮೋಡಕ್ಕೆ ಚುಚ್ಚಿದ ಹಾಗೆ ನಿಂತಿವೆ. ನಡುವೆ ಚಕ್ರದಂತಹ ಕಿಟಕಿ, ಅದರ ಕೆಳಗೆ ಸಾಲು ಸಾಲು ಕಲ್ಲಿನ ಸಂತರು, ಒಬ್ಬೊಬ್ಬರದೂ ಬೇರೆ ಮುಖ. ಕೆಳಗೆ ಮೆಟ್ಟಿಲ ಮೇಲೆ ಬುಟ್ಟಿ ಹಿಡಿದ ಹೆಂಗಸು, ಅಕ್ಕಿಕಾಳಿನಷ್ಟು. ಅವಳ ಹಿಂದೆ ದೊಡ್ಡ ಬಾಗಿಲು, ಪೂರ್ತಿ ಕಪ್ಪು. ಭೂತಗನ್ನಡಿ ಹಿಡಿದು ನೋಡಿದರೆ ಆ ಕಪ್ಪಿನಲ್ಲೂ ಗೀರಿನ ಮೇಲೆ ಗೀರು, ಗೀರಿನ ಮೇಲೆ ಗೀರು. ನಾನು ದೇವಸ್ಥಾನದ ಗರ್ಭಗುಡಿಯ ಕತ್ತಲು ಕಂಡವಳು. ಅಂಥದೇ ಕತ್ತಲು. ಕೈ ಮುಗಿದೆ.

ಚೌಕಟ್ಟು ಬಿಚ್ಚಿದಾಗ ಹಿಂದೆ ಐದು ಸಾಲು ಬರಹ ಕಂಡಿತು. ಬೂದು ಬಣ್ಣದ ಸೀಸದಕಡ್ಡಿಯದು, ಮಲಯಾಳದಲ್ಲಿ, ಹತ್ತಿರ ಹತ್ತಿರ ಒತ್ತೊತ್ತಾಗಿ. ಓದಲು ಕೂತರೆ ಒಂದು ಗಂಟೆ. ಅಂದು ಕುರುಪ್ಪ್ ಸಾರ್ ರಜೆ. ನಲ್ಲಿ ನೀರು ಹತ್ತಕ್ಕೆ ನಿಲ್ಲುತ್ತಿತ್ತು, ಕಾಗದ ತೊಳೆಯಲು ಹರಿವಾಣ ತುಂಬಿಸಿದ್ದೆ. ಮುಂಭಾಗದ ಮಸಿಗೆ ಒಂದು ಹನಿ ನೀರಿಟ್ಟು ಒತ್ತಿ ನೋಡಿದೆ, ಬಿಡಲಿಲ್ಲ. ಹಿಂಭಾಗದ ಬರಹಕ್ಕೆ ಹನಿ ಇಟ್ಟು ನೋಡಲಿಲ್ಲ. ಸೀಸದಕಡ್ಡಿ ನೀರಿಗೆ ಹೋಗುವುದಿಲ್ಲ, ಒಣಗಿದ ಮೇಲೆ ನಾಳೆ ನಿಧಾನಕ್ಕೆ ಇಳಿಸಿಕೊಂಡರಾಯಿತು ಎಂದುಕೊಂಡೆ. ಹಾಳೆಯನ್ನು ನೀರಿಗೆ ಇಳಿಸಿದೆ.

ನೀರು ಚಹಾದ ಬಣ್ಣ ಆಗಬೇಕು. ಕೊಳೆ ಬಿಡುವುದೆಂದರೆ ಅದೇ. ನೇರಳೆ ಆಯಿತು.

ಅದು ಸೀಸದಕಡ್ಡಿ ಅಲ್ಲ, ಕಾಪಿಯಿಂಗ್ ಪೆನ್ಸಿಲ್. ನೀವು ಕಂಡಿರಲಿಕ್ಕಿಲ್ಲ. ಒಣಗಿದ್ದಾಗ ಬೂದು, ಒದ್ದೆಯಾದರೆ ನೇರಳೆ ಶಾಯಿ. ಗೊತ್ತಿಲ್ಲದ್ದಾಗಿದ್ದರೆ ಮನಸ್ಸಿಗೆ ಸಮಾಧಾನ ಹೇಳಬಹುದಿತ್ತು. ನನ್ನ ಅಪ್ಪ ಅಂಚೆ ಕಚೇರಿಯಲ್ಲಿದ್ದವರು. ಅವರ ಕಿವಿಯ ಮೇಲೆ ಸದಾ ಅದೇ ಪೆನ್ಸಿಲ್. ತುದಿಯನ್ನು ನಾಲಿಗೆಗೆ ತಾಗಿಸಿ ಬರೆಯುತ್ತಿದ್ದರು, ನಾಲಿಗೆಯ ನಡುವೆ ಯಾವಾಗಲೂ ಒಂದು ನೇರಳೆ ಗೆರೆ. ಆ ಗೆರೆಯನ್ನು ನೋಡುತ್ತಲೇ ನಾನು ಬೆಳೆದದ್ದು.

ಎತ್ತುವಷ್ಟರಲ್ಲಿ ಮುಗಿದಿತ್ತು. ಐದು ಸಾಲಿನ ಜಾಗದಲ್ಲಿ ಒಂದು ಮೋಡ. ಮುಂಭಾಗ ತಿರುಗಿಸಿದರೆ ಬಣ್ಣ ಕಾಗದದೊಳಗಿಂದ ಹಾದು ಆ ಕಪ್ಪು ಬಾಗಿಲ ಸುತ್ತ ಮೂಡಿತ್ತು. ಒತ್ತು ಕಾಗದದ ನಡುವೆ ಇಟ್ಟು, ಅದರ ಪಕ್ಕದ ಸ್ಟೂಲಿನ ಮೇಲೆ ಸಂಜೆಯವರೆಗೆ ಕೂತೆ. ಅಂದು ಮನೆಗೆ ಹೋಗಿ ದೇವರ ದೀಪ ಹಚ್ಚುವಾಗ ಕಡ್ಡಿ ಎರಡು ಸಲ ಆರಿತು.

ಮರುದಿನ ಕುರುಪ್ಪ್ ಸಾರ್ ಹಾಳೆ ನೋಡಿದರು. ಬೈಯಲಿಲ್ಲ, ಅದೇ ಹೆದರಿಕೆಯಾಯಿತು. ರಿಜಿಸ್ಟರ್ ತೆಗೆದರು. ಹಿಂಭಾಗದ ಬರಹದ ಕಾಲಂ ಖಾಲಿ ಇತ್ತು. ಆ ಖಾಲಿ ಜಾಗ ತೋರಿಸಿ, "ಬರುವಾಗಲೇ ಮಾಸಿತ್ತು, ಓದಲಾಗಲಿಲ್ಲ, ಅಂತ ಬರೆ," ಎಂದರು.

ನಾನು ಪೆನ್ನನ್ನು ರಿಜಿಸ್ಟರಿನ ಪಕ್ಕದಲ್ಲಿಟ್ಟೆ.

"ನೀನು ದಿನಗೂಲಿ. ನಿನ್ನ ಹೆಸರಿನಲ್ಲಿ ಇದು ಹೋದರೆ ನಾಳೆ ನೀನಿಲ್ಲ. ನನ್ನ ಹೆಸರಿನಲ್ಲಿ ಹೋದರೆ ಈ ಕೋಣೆಯೇ ಇಲ್ಲ. ಬರೆ."

ಅವರು ಕೆಟ್ಟವರಲ್ಲ. ಆ ಕೋಣೆಯನ್ನು ಉಳಿಸಲು ಮೇಲಿನವರ ಬಾಗಿಲಲ್ಲಿ ಎಷ್ಟು ಸಲ ಕಾದಿದ್ದರೆಂದು ನಾನು ಕಂಡಿದ್ದೆ. ಆದರೆ ನಾನು ಬರೆಯಲಿಲ್ಲ. ಎರಡು ದಿನ ರಜೆ ಕೇಳಿದೆ. ಯಾಕೆಂದು ಅವರಿಗೆ ತಿಳಿಯಿತು, ತಲೆ ಎತ್ತದೆ ಹೂಂ ಎಂದರು.

ಆ ಎರಡು ದಿನದಲ್ಲಿ ಮೊದಲನೆಯದನ್ನು ಹಾಳೆಯ ಮೇಲೆಯೇ ಕಳೆದೆ. ಒಣಗಿದ ಹಾಳೆಗೆ ಓರೆಯಾಗಿ ಟಾರ್ಚ್ ಬಿಟ್ಟರೆ ಪೆನ್ಸಿಲ್ ಒತ್ತಿದ ಗುಳಿ ಕಾಣುತ್ತದೆ. ಬರೆದ ಕೈ ಗಟ್ಟಿಯಾಗಿ ಒತ್ತಿತ್ತು, ಅದು ದೇವರ ದಯೆ. ಒಂದೊಂದೇ ಅಕ್ಷರ ಕೂಡಿಸಿದೆ. ಮೊದಲ ಸಾಲು, ತ್ರೇಸ್ಯ. ಮೂರನೆಯದು, ವರೀದ್. ಉಳಿದವು ನೀರಿನಲ್ಲಿ ಉಬ್ಬಿ ಸಪಾಟಾಗಿದ್ದವು. ಐದನೆಯದರಲ್ಲಿ ಮೊದಲ ಅಕ್ಷರ ಮಾತ್ರ, ಅ. ಐದೂ ಹೆಸರುಗಳು ಎಂದು ಆಗ ಗೊತ್ತಾಯಿತು. ಹಾಳೆಯನ್ನು ಬೆಳಕಿಗೆ ಎತ್ತಿ ಹಿಡಿದಾಗ ಇನ್ನೊಂದು ಗೊತ್ತಾಯಿತು. ಹೆಸರುಗಳಿದ್ದದ್ದು ಸರಿಯಾಗಿ ಆ ಕಪ್ಪು ಬಾಗಿಲ ಹಿಂದೆ.

ಎರಡನೆಯ ದಿನ ಬೆಳಿಗ್ಗೆ ತಿರುವನಂತಪುರದ ತಂಪಾನೂರಿನಲ್ಲಿ ರೈಲು ಹತ್ತಿ, ಎರ್ನಾಕುಳಂನಲ್ಲಿ ಇಳಿದು, ಬೋಟಿನಲ್ಲಿ ಫೋರ್ಟ್ ಕೊಚ್ಚಿಗೆ ಹೋದೆ. ಯಜಮಾನರು ಎಂತಕ್ಕೆ ಮಾರಾಯ್ತಿ, ಒಂದು ಪತ್ರ ಬರೆದರೆ ಸಾಲದಾ ಎಂದಿದ್ದರು. ಪತ್ರದಲ್ಲಿ ಬರೆಯುವಂಥದ್ದಲ್ಲ ಎಂದಿದ್ದೆ.

ಅಮ್ಮಚ್ಚಿಗೆ ಎಪ್ಪತ್ತೈದು ದಾಟಿತ್ತು. ಚಟ್ಟೆ ಎಂಬ ಉದ್ದ ಬಿಳಿ ರವಿಕೆ, ಬಿಳಿ ಮುಂಡು, ಕಣ್ಣಿನಲ್ಲಿ ಪೊರೆ. ಮುಂದಿನ ಕೋಣೆಯ ಗೋಡೆಯಲ್ಲಿ ಚಿತ್ರ ತೂಗಿದ್ದ ಜಾಗ ಚೌಕವಾಗಿ ಬೆಳ್ಳಗಿತ್ತು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಕುಳಿತುಕೊಳ್ಳುವ ಮೊದಲೇ ಎಲ್ಲ ಹೇಳಿಬಿಟ್ಟೆ. ಓದಲು ಸೋಮಾರಿತನ ಮಾಡಿದೆ, ನೀರಿಗೆ ಹಾಕಿದೆ, ಹೋಯಿತು, ಎರಡು ಹೆಸರು ಸಿಕ್ಕಿದೆ.

ಅವರು ಆ ಬೆಳ್ಳಗಿನ ಚೌಕದ ಕಡೆ ಮುಖ ತಿರುಗಿಸಿದರು. ಆಮೇಲೆ ನಿಧಾನವಾಗಿ ಹೇಳಿದರು. ಅವರೇ ಹಿರಿಯ ಮಗಳು. ಅವರ ನಂತರ ಅವರ ತಾಯಿಗೆ ಐದು ಹುಟ್ಟಿ ಐದೂ ಉಸಿರು ಹಿಡಿಯದೆ ಹೋದವು. ಕೊನೆಗೆ ಉಳಿದವನು ಜೋಸಿಯ ಅಪ್ಪ. ತಲೆಗೆ ನೀರು ಹೊಯ್ದು ಮಾಡುವ ಜ್ಞಾನಸ್ನಾನ ಆಗದ ಮಕ್ಕಳನ್ನು ಆ ಕಾಲದಲ್ಲಿ ಸಿಮಿತ್ತೇರಿಯ ಗೋಡೆಯ ಹೊರಗೆ ಹೂಳುತ್ತಿದ್ದರು. ಗುರುತು ಇಲ್ಲ, ಇಗರ್ಜಿಯ ಪುಸ್ತಕದಲ್ಲಿ ಹೆಸರಿಲ್ಲ. ತಾಯಿ ಮಾತ್ರ ಪ್ರತಿಯೊಂದಕ್ಕೂ ಒಂದು ಹೆಸರಿಟ್ಟು, ಚಿತ್ರ ಇಳಿಸಿ, ಹಿಂದಿನ ಹಲಗೆ ತೆಗೆದು, ಅಪ್ಪನ ಆಫೀಸಿನ ಪೆನ್ಸಿಲಿನಲ್ಲಿ ಬಾಗಿಲ ಹಿಂದೆ ಬರೆದರು. ಮಕ್ಕಳು ಇಗರ್ಜಿಯ ಒಳಗಿದ್ದಾರೆ ಎನ್ನುತ್ತಿದ್ದರಂತೆ. ಲೋಕದಲ್ಲಿ ಆ ಹೆಸರುಗಳಿದ್ದದ್ದು ಅಲ್ಲಿ ಒಂದೇ ಕಡೆ.

ನಾನು ಸಿಕ್ಕ ಎರಡು ಹೆಸರು ಹೇಳಿದೆ. ಅವರು ತಲೆಯಾಡಿಸಿ ಎರಡನೆಯದನ್ನು ಹೇಳಿದರು, ಕುಞ್ಞಮ್ಮ. ನಾಲ್ಕನೆಯದು ಲೋನ. ಐದನೆಯದು ಗೊತ್ತಿಲ್ಲ. ಆಗ ಅವರು ಕನ್ಯಾಸ್ತ್ರೀಯರ ಬೋರ್ಡಿಂಗಿನಲ್ಲಿದ್ದರು. ರಜೆಯಲ್ಲಿ ಬಂದಾಗ ತಾಯಿ ಅದರ ಮಾತೇ ಎತ್ತಲಿಲ್ಲ. ಮುಂದೆ ಯಾವಾಗಾದರೂ ಚಿತ್ರ ಬಿಚ್ಚಿ ಓದಿದರಾಯಿತು ಎಂದುಕೊಂಡು ಇದ್ದುಬಿಟ್ಟರು. ಆಮೇಲೆ ಕಣ್ಣು ಹೋಯಿತು.

"ಗಂಡೋ ಹೆಣ್ಣೋ ಅದೂ ನನಗೆ ಗೊತ್ತಿಲ್ಲ, ಮೋಳೇ," ಎಂದರು, ಮಗಳನ್ನು ಕರೆದ ಹಾಗೆ.

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಕೈ ಹಿಡಿದು ತಡೆದರು. "ತಲೆಯ ಮೇಲೆ ನೀರು ಬೀಳಲಿಲ್ಲ ಅಂತ ಅಲ್ವಾ ಅವನ್ನು ಹೊರಗೆ ಹಾಕಿದ್ದು. ಅಂದು ಬೀಳದ ನೀರು ಈಗ ಬಿತ್ತು."

ಅದು ಚುಚ್ಚಿದ್ದೋ ಸಮಾಧಾನವೋ ಅಂದೂ ನನಗೆ ತಿಳಿಯಲಿಲ್ಲ, ಇಂದೂ ತಿಳಿಯದು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಕುಡಿಯಲು ಬೆಲ್ಲದ ಕಾಫಿ ಕೊಟ್ಟರು. ನನಗೆ ಎಷ್ಟು ಮಕ್ಕಳು ಎಂದು ಕೇಳಿದರು. ಇಬ್ಬರು ಎಂದೆ. ಯಾಕೋ ಅಲ್ಲಿಗೆ ನಿಲ್ಲಿಸಲಾಗಲಿಲ್ಲ. ಆ ಇಬ್ಬರಿಗಿಂತ ಮೊದಲು ನನಗೆ ಒಂದು ಹೆಣ್ಣು ಹುಟ್ಟಿತ್ತು, ಒಂಬತ್ತನೆಯ ದಿನ ಹೋಯಿತು ಎಂದೆ. ಹೆಸರು ಕೇಳಿದರು. ನಮ್ಮಲ್ಲಿ ನಾಮಕರಣ ಹನ್ನೊಂದಕ್ಕೆ, ಇಡಲಿಲ್ಲ ಎಂದೆ. ಅದಕ್ಕೆ ತಿಥಿಯೂ ಇಲ್ಲ, ಮನೆಯಲ್ಲಿ ಅದರ ಮಾತೂ ಇಲ್ಲ. ಮಾವನವರು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದರು, ಎಲ್ಲಿ ಇಟ್ಟರೆಂದು ನಾನು ಕೇಳಲಿಲ್ಲ.

ಅವರು ಲೋಟ ಕೆಳಗಿಟ್ಟರು. ಆ ಹೆಸರುಗಳನ್ನು ಹೊಸದಾಗಿ ಬರೆಯುವಾಗ ಐದರ ಕೆಳಗೆ ಜಾಗ ಉಂಟಲ್ಲ ಎಂದರು. ಅಷ್ಟೇ.

ತಿರುವನಂತಪುರಕ್ಕೆ ಬಂದು ಹಾಳೆಯ ಹಿಂದೆ ತೆಳು ಜಪಾನ್ ಕಾಗದ ಅಂಟಿಸಿದೆ. ಮೂಲ ಕಾಗದದ ಮೇಲೆ ನಮ್ಮ ಕೈ ಒಂದು ಚುಕ್ಕೆಯನ್ನೂ ಹಾಕಬಾರದು. ಹೊಸ ಕಾಗದದ ಮೇಲೆ, ಬಾಗಿಲಿನ ಹಿಂದೆ, ನೀರಿಗೆ ಹೋಗದ ಸೀಸದಕಡ್ಡಿಯಲ್ಲಿ, ನನ್ನ ಎರಡನೇ ಕ್ಲಾಸಿನ ಮಲಯಾಳದಲ್ಲಿ ನಾಲ್ಕು ಹೆಸರು ಬರೆದೆ. ಐದನೆಯ ಸಾಲಿನಲ್ಲಿ ಅ ಎಂದು ಬರೆದು ಬಿಟ್ಟೆ. ಆಮೇಲೆ ಬಾಗಿಲು ಹಾಕಿಕೊಂಡು ಆರನೆಯ ಸಾಲು ಕನ್ನಡದಲ್ಲಿ ಬರೆದೆ.

ಬೇರೆಯವರ ವಸ್ತುವಿನ ಮೇಲೆ ನಮ್ಮದನ್ನು ಬರೆಯುವುದಕ್ಕಿಂತ ದೊಡ್ಡ ತಪ್ಪು ಈ ಕೆಲಸದಲ್ಲಿ ಇಲ್ಲ. ನೀವು ಮಾಡಬೇಡಿ. ನಾನು ಮಾಡಿದೆ.

ಕುರುಪ್ಪ್ ಸಾರ್ ಪರಿಶೀಲನೆಗೆ ಹಾಳೆ ತಿರುಗಿಸಿದಾಗ ಆ ಸಾಲಿನ ಮೇಲೆ ಬೆರಳಿಟ್ಟು, ಇದು ಯಾವ ಭಾಷೆ, ಏನಿದು ಎಂದು ಕೇಳಿದರು. ಹೇಳಿದೆ. ಕನ್ನಡಕ ತೆಗೆದು ಒರೆಸಿದರು. ರಿಜಿಸ್ಟರಿಗೆ ನಾನು ಬರೆದ ವಾಕ್ಯ, ಬರಹ ಇಳಿಸಿಕೊಳ್ಳದೆ ತೊಳೆದದ್ದರಿಂದ ನಷ್ಟ, ಎಂಬುದನ್ನು ಓದಿದರು. ಕೆಳಗೆ ತಮ್ಮ ರುಜು ಹಾಕಿದರು. ನನ್ನ ಕೆಲಸ ಹೋಗಲಿಲ್ಲ. ಮುಂದಿನ ಎರಡು ವರ್ಷ ದಿನಗೂಲಿಯಲ್ಲೇ ಇಟ್ಟರು, ಕಾಯಂಗೆ ಹೆಸರು ಕಳಿಸಲಿಲ್ಲ. ಅದೂ ದಯೆಯೇ. ನವೆಂಬರ್ ಎರಡಕ್ಕೆ ಚಿತ್ರ ಗೋಡೆಯಲ್ಲಿತ್ತು.

ಫೋನು ಮತ್ತೆ ಬಡಿದಾಗ ಅರ್ಧ ಗಂಟೆ ಅಲ್ಲ, ಮುಕ್ಕಾಲು ಗಂಟೆ ಆಗಿತ್ತು. ಜೋಸಿಯ ಹಿಂದೆ ಪ್ರಾರ್ಥನೆ ಕೇಳುತ್ತಿತ್ತು.

"ಚೇಚಿ, ಆ ಚಿತ್ರ ತಮ್ಮ ಜೊತೆ ಪೆಟ್ಟಿಗೆಯಲ್ಲಿ ಇಡಬೇಕು ಅಂತ ಅಮ್ಮಾಯಿ ಹೇಳಿ ಹೋಗಿದ್ದಾರೆ. ಹಿಂಭಾಗ ಎದೆಗೆ ತಾಗುವ ಹಾಗೆ. ಇಲ್ಲಿ ಎಲ್ಲರೂ ಬೇಡ ಅಂತಾರೆ. ಅಷ್ಟು ಹಳೆಯದು, ಮಣ್ಣಿಗೆ ಹಾಕುವುದಾ, ಮ್ಯೂಸಿಯಮ್ಮಿಗೆ ಕೊಡು ಅಂತಾರೆ. ಇಂಥದ್ದು ಗೊತ್ತಿರುವುದು ನಿಮಗೆ. ನೀವು ಹೇಳಿದ ಹಾಗೆ."

ಅಮ್ಮಚ್ಚಿಯನ್ನು ಇಡುವುದು ಸಿಮಿತ್ತೇರಿಯ ಗೋಡೆಯ ಒಳಗೆ. ಅವರ ಎದೆಯ ಮೇಲೆ ಹೋದವರೂ ಒಳಗೇ. ನನಗೆ ತಿಳಿಯಿತು. ಕಾಗದವನ್ನು ಮಣ್ಣಿನಿಂದ, ಹುಳದಿಂದ, ತೇವದಿಂದ ಉಳಿಸುವುದು ಬಿಟ್ಟು ಬೇರೇನನ್ನೂ ನಾನು ಆ ಕೋಣೆಯಲ್ಲಿ ಕಲಿತಿರಲಿಲ್ಲ. ಆ ಸಂತರ ಮುಖಗಳು ಒಂದು ಮಳೆಗಾಲದಲ್ಲಿ ಹೋಗುತ್ತವೆ. ತುಂಬ ಯೋಚಿಸಬೇಕಾಗಿತ್ತೇನೋ. ಯೋಚಿಸಲಿಲ್ಲ.

ಹಿಂದೆ ಆರು ಸಣ್ಣ ಮೊಳೆ ಇದೆ, ಇಕ್ಕಳದಿಂದ ನೇರಕ್ಕೆ ಎಳೆ ಎಂದೆ. ಕೈ ತೊಳೆದು ಪೂರ್ತಿ ಒರೆಸಿಕೋ. ಗಾಜು ಬೇಡ, ಚೌಕಟ್ಟು ಬೇಡ. ಮಡಚಬೇಡ. ಎರಡು ಕೈಯಲ್ಲಿ ಅಡಿಯಿಂದ ಹಿಡಿದು ಎತ್ತು. ಅವನು ಫೋನು ಪಕ್ಕಕ್ಕಿಟ್ಟು ಹಾಗೆಯೇ ಮಾಡಿದ. ಮೊಳೆಗಳು ತಟ್ಟೆಗೆ ಬೀಳುವುದು ಕೇಳಿಸಿತು. ನಾನು ಎಣಿಸಿದೆ.

"ಚೇಚಿ, ಅಮ್ಮಾಯಿ ಐದು ಅಂದಿದ್ದರು. ಇಲ್ಲಿ ಆರು ಸಾಲು ಉಂಟು. ಕೊನೆಯದ್ದು ಮಲಯಾಳ ಅಲ್ಲ."

"ಕನ್ನಡ."

"ಎಂತ ಬರೆದದ್ದು?"

"ಹೆಣ್ಣು ಮಗು. ಒಂಬತ್ತು ದಿನ."

ಹಿಂದಿನ ಪ್ರಾರ್ಥನೆ ಒಂದು ಸುತ್ತು ಮುಗಿದು ಮತ್ತೆ ಶುರುವಾಯಿತು. ಅವನು ಕೇಳಿದ, "ಇದೂ ಒಟ್ಟಿಗೇ ಹೋಗಬೇಕಾ?"

"ಹೋಗಲಿ," ಎಂದೆ.

ಫೋನು ಇಟ್ಟು ತಿರುಗಿದರೆ ಯಜಮಾನರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿತ್ತು.

ಹಿತ್ತಲಿಗೆ ಹೋದೆ. ಬಕೆಟ್ಟಿನಲ್ಲಿ ತೆಳಿ ತಣಿದು ಮೇಲೆ ಕೆನೆ ಕಟ್ಟಿತ್ತು. ಕೆನೆ ತೆಗೆದು, ಎರಡನೆಯ ಸೀರೆಯನ್ನು ಅದ್ದಿ, ಹಿಂಡಿ, ಕೊಡವಿದೆ. ಯಜಮಾನರು ಬಂದು ಇನ್ನೊಂದು ತುದಿ ಹಿಡಿದುಕೊಂಡರು, ಅಲ್ಲಿಯವರೆಗೆ ಒಗೆದ ಬಟ್ಟೆ ಮುಟ್ಟಿದವರಲ್ಲ. ಇಬ್ಬರೂ ಅಂಚು ಎಳೆದು ನೇರ ಮಾಡಿ ಹಗ್ಗಕ್ಕೆ ಹಾಕಿದೆವು.